ಎಂಟನೇ ಪೀಪಾಯಿ

ಕಿಲಿಯಾನ್ ಹಾಗ್ನರನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಜನವರಿಯಲ್ಲಿ ಒಂಬತ್ತು ದಿನ ಜ್ವರದಲ್ಲಿ ಮಲಗಿದ್ದ. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ವಾಪಸು ಬರಲಿಲ್ಲ. ಡಾಕ್ಟರನ್ನು ಬಿಟ್ಟು ಅವನು ಇದನ್ನು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾಗಿದ್ದು ಮೇ ತಿಂಗಳಲ್ಲಿ, ಆಗಬೇಕಾದದ್ದೆಲ್ಲ ಆದ ಮೇಲೆ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ಊಟ ರುಚಿಸುವುದಿಲ್ಲ ಎಂದು ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದರು. ಕಿಲಿಯಾನ್ ಹಾಗೆ ಗೊಣಗುವಂತಿರಲಿಲ್ಲ. ಮಿಟ್ಟರ್‌ಗ್ರಾಬೆನ್ ಎಂಬ ಊರಿನ ನಮ್ಮ ಓಣಿಯಲ್ಲಿ ಮೂವತ್ತೊಂದು ಬಾಗಿಲುಗಳಿವೆ. ಪ್ರತಿ ಬಾಗಿಲಿನ ಹಿಂದೆ ಗುಡ್ಡದ ಮಣ್ಣು ಕೊರೆದು ಮಾಡಿದ ಒಂದೊಂದು ನೆಲಮಾಳಿಗೆ, ನಮ್ಮ ಮಾತಿನಲ್ಲಿ ಬರೀ ಮಾಳಿಗೆ, ಅದರೊಳಗೆ ವೈನಿನ ಪೀಪಾಯಿಗಳು. ಅಷ್ಟಕ್ಕೂ ಸೇರಿ ಇರುವುದು ಒಂದೇ ಮೂಗು, ಅದು ಕಿಲಿಯಾನನ ಮುಖದ ಮೇಲಿದೆ ಎಂಬುದು ಓಣಿಯ ಹಳೆಯ ತಮಾಷೆ. ತಮಾಷೆಯಾದರೂ ನಿಜ. ತಮ್ಮ ವೈನಿನ ಮೇಲೆ ಯಾರಿಗೆ ಅನುಮಾನ ಬಂದರೂ ಒಂದು ಲೋಟದಲ್ಲಿ ಹಿಡಿದುಕೊಂಡು, ಮೇಲೆ ಅಂಗೈ ಮುಚ್ಚಿಕೊಂಡು, ರಸ್ತೆ ದಾಟಿ ಅವನ ಹತ್ತಿರ ಬರುತ್ತಿದ್ದರು. ಅವನು ಮೂರು ಸಲ ಮೂಸುತ್ತಿದ್ದ. ಎರಡು ಸಲ ಚಿಕ್ಕದಾಗಿ, ಒಂದು ಸಲ ದೀರ್ಘವಾಗಿ. ಆಮೇಲೆ ಒಂದು ಮಾತು ಹೇಳುತ್ತಿದ್ದ. ಆ ಮಾತಿನ ಮೇಲೆ ಮರುಮಾತಿರಲಿಲ್ಲ.

ಓಣಿಯ ಕೊನೆಯ ಮನೆ ಅವನದು. ಅಂಗಳದಲ್ಲಿ ಒಂದು ವಾಲ್‌ನಟ್ ಮರ. ಅದರ ಕೆಳಗೆ ಹನ್ನೆರಡು ಉದ್ದನೆಯ ಮೇಜುಗಳು. ವರ್ಷಕ್ಕೆ ನಾಲ್ಕು ಸಲ, ಒಂದೊಂದು ಸಲ ಹದಿನೇಳು ದಿನ, ಅಲ್ಲಿ ಊಟ ಮತ್ತು ವೈನು. ಬಾಗಿಲಿನ ಮೇಲಿನ ಕಂಬಕ್ಕೆ ಪೈನ್ ಕೊಂಬೆ ಕಟ್ಟಿದ್ದರೆ ತೆರೆದಿದೆ ಎಂದರ್ಥ, ಇಲ್ಲದಿದ್ದರೆ ಇಲ್ಲ. ಬೋರ್ಡು, ಜಾಹೀರಾತು ಏನೂ ಬೇಡ. ಯಾರು ಯಾವಾಗ ಕಟ್ಟಬೇಕು ಎಂಬುದಕ್ಕೆ ಓಣಿಯಲ್ಲಿ ಸರದಿಯಿದೆ. ಆದರೆ ಕೊಂಬೆ ಕಟ್ಟಿದವನು ತಾನೇ ಬೆಳೆದು ಮಾಡಿದ ವೈನನ್ನು ಮಾತ್ರ ಮಾರಬೇಕು. ಪಕ್ಕದ ಮನೆಯದ್ದನ್ನು ಒಂದು ಲೋಟ ಸುರಿದು ಕೊಟ್ಟರೂ ಕೊಂಬೆ ಕಟ್ಟುವ ಹಕ್ಕು ಹೋಗುತ್ತದೆ. ಹನ್ನೊಂದು ವರ್ಷದಿಂದ ನಾನು ಅಲ್ಲಿಯ ಅಡುಗೆ ಮತ್ತು ಕೌಂಟರ್ ನೋಡಿಕೊಳ್ಳುತ್ತಿದ್ದೇನೆ. ನನ್ನ ಹೆಸರು ಅಫ್ರಾ.

ಮೊದಲು ನಡೆದದ್ದು ವೆಂಡೆಲಿನ್ನನ ವಿಷಯ.

ವೆಂಡೆಲಿನ್ ಎದುರು ಬಾಗಿಲಿನವನು, ಕಿಲಿಯಾನನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಮಾರ್ಚ್‌ನಲ್ಲಿ ಅವನು ಲೋಟಕ್ಕೆ ಅಂಗೈ ಮುಚ್ಚಿಕೊಂಡು ನಮ್ಮ ಅಡುಗೆಮನೆಗೆ ಬಂದ. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

"ಮೂಗಪ್ಪಾ, ಇದನ್ನ ಒಂದ್ಸಲ ನೋಡು. ನಾಳೆ ಬಾಟಲಿಗೆ ತುಂಬಿಸ್ತಿದೀನಿ. ನಂಗೇನೋ ಮೊಟ್ಟೆ ವಾಸನೆ ಬಂದ ಹಂಗಿದೆ. ಹೆಂಡ್ತಿ ಇಲ್ಲ ಅಂತಾಳೆ."

"ನಿನ್ನ ಹೆಂಡ್ತಿ ನಿನ್ನ ಸಾಕ್ಸೇ ನಾರಲ್ಲ ಅಂತಾಳೆ," ಎಂದ ಕಿಲಿಯಾನ್.

ಮೂರು ಸಲ ಮೂಸಿದ. ನನಗೆ ನೆನಪಿದೆ, ಮೂರನೆಯ ಸಲ ಮೂಸುವಾಗ ಅವನು ಕಣ್ಣು ಮುಚ್ಚಲಿಲ್ಲ. ಯಾವಾಗಲೂ ಮುಚ್ಚುತ್ತಿದ್ದ. ಅವತ್ತು ವೆಂಡೆಲಿನ್ನನ ಮುಖವನ್ನೇ ನೋಡುತ್ತಿದ್ದ.

"ಏನೂ ಇಲ್ಲ. ತುಂಬಿಸು."

ವೆಂಡೆಲಿನ್ ತುಂಬಿಸಿದ. ಮೊಟ್ಟೆ ವಾಸನೆ ಪೀಪಾಯಿಯಲ್ಲಿದ್ದಾಗ ಒಂದು ತಾಮ್ರದ ತುಂಡು ಇಳಿಬಿಟ್ಟರೂ ಹೋಗುತ್ತದೆ. ಬಾಟಲಿಗೆ ತುಂಬಿ ಬಿರಡೆ ಹೊಡೆದ ಮೇಲೆ ಏನೂ ಮಾಡುವಂತಿಲ್ಲ. ಈಸ್ಟರಿನ ವಾರದಲ್ಲಿ ಅವನ ಗಿರಾಕಿಗಳು ಬಾಟಲಿ ತಿರುಗಿಸಿ ತಂದರು. ಅವತ್ತು ಅವನು ನಮ್ಮ ಅಂಗಳಕ್ಕೆ ಬಂದು, ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ ಹೇಳಿದ:

"ನೀನು ಗೊತ್ತಿದ್ದೇ ಹೇಳ್ದೆ ಅಲ್ವಾ?"

"ಏನು ಗೊತ್ತಿದ್ದೇ?"

"ಮೂವತ್ತು ವರ್ಷ ತಪ್ಪದ ಮೂಗು ನನ್ನ ವೈನಿಗೇ ತಪ್ತಾ? ಈ ಸಲ ಕೊಂಬೆ ಸರದಿ ನಿನಗಿಂತ ಮುಂಚೆ ನಂಗೆ ಬಂದಿತ್ತು. ಅದು ನಿನ್ನ ಹೊಟ್ಟೇಲಿ ಕೂತಿತ್ತು."

ಕಿಲಿಯಾನ್ ಬಾಯಿ ತೆರೆದ. ಅವನೇನು ಹೇಳಬಹುದಿತ್ತು ಎಂಬುದು ಈಗ ನನಗೆ ಗೊತ್ತು. ಆಗ ಅವನು ಹೇಳಿದ್ದು ಇಷ್ಟೇ:

"ನಿನ್ನ ಬಾಟಲಿ ತೊಳೆದಿರಲ್ಲ ನೀನು. ಹೋಗು."

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ವೆಂಡೆಲಿನ್ ಹೇಳಿದ್ದರಲ್ಲಿ ತಥ್ಯವಿದೆ ಎಂದೇ ನನಗೂ ಅನ್ನಿಸಿತು. ಕಿಲಿಯಾನ್ ಕೆಟ್ಟವನಲ್ಲ, ಆದರೆ ಆ ಮೂಗು ತಪ್ಪುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ ನಾನು ಮನುಷ್ಯನನ್ನು ಬಿಟ್ಟು ಮೂಗನ್ನು ನಂಬಿದೆ.

ಎರಡನೆಯದು ಜಾಡಿಯ ವಿಷಯ.

ಮರದ ಪೀಪಾಯಿಯಲ್ಲಿಟ್ಟ ವೈನು ವಾರವಾರವೂ ಸ್ವಲ್ಪ ಆವಿಯಾಗುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಹೊಕ್ಕರೆ ಹುಳಿಯುತ್ತದೆ. ಅದಕ್ಕೇ ಪ್ರತಿ ಶನಿವಾರ ಕಂಠದವರೆಗೆ ತುಂಬಬೇಕು. ತುಂಬುವುದಕ್ಕೆಂದೇ ಐವತ್ತು ಲೀಟರಿನ ಒಂದು ಗಾಜಿನ ಜಾಡಿಯಲ್ಲಿ ಬೇರೆ ವೈನು ಇಟ್ಟಿರುತ್ತಾರೆ. ಆ ಜಾಡಿಯೂ ಅರ್ಧವಾದರೆ ಅದರಲ್ಲೂ ಗಾಳಿ. ಓಣಿಯವರೆಲ್ಲ ಜಾಡಿ ಇಳಿದಂತೆ ಸಣ್ಣ ಜಾಡಿಗೆ, ಆಮೇಲೆ ಬಾಟಲಿಗೆ ಬದಲಾಯಿಸುತ್ತಾರೆ. ಕಿಲಿಯಾನ್ ಒಬ್ಬನೇ ಬದಲಾಯಿಸುತ್ತಿರಲಿಲ್ಲ. ಇಳಿದ ಜಾಡಿಯ ಮೇಲೇ ಹೊಸದು ಸುರಿಯುತ್ತಿದ್ದ. ಕೆಟ್ಟರೆ ಮೂಗು ಹೇಳುತ್ತದೆ, ಸಣ್ಣ ಜಾಡಿ ಮೂಗಿಲ್ಲದವರಿಗೆ ಎನ್ನುತ್ತಿದ್ದ. ಮೂವತ್ತು ವರ್ಷ ಹಾಗೇ ನಡೆದಿತ್ತು. ಶನಿವಾರ ಬೆಳಿಗ್ಗೆ ಕೆಳಗೆ ಇಳಿದು, ಜಾಡಿಯ ಬಾಯಿಗೆ ಮೂಗು ಇಟ್ಟು, ತಲೆಯಾಡಿಸುತ್ತಿದ್ದ. ಇಮ್ರಿಖ್ ಆಲಿಕೆ ಹಿಡಿದು ಸುರಿಯುತ್ತಿದ್ದ.

ಇಮ್ರಿಖ್ ಹೊಳೆಯಾಚೆಯ ಸ್ಲೊವಾಕಿಯಾದವನು. ಒಂಬತ್ತು ವರ್ಷದಿಂದ ಕಿಲಿಯಾನನ ಮಾಳಿಗೆಯ ಕೆಲಸಗಾರ. ಮಾತು ಕಡಿಮೆ. ಮಾಳಿಗೆಯ ಎರಡನೇ ಬೀಗದ ಕೈ ಅವನ ಹತ್ತಿರ ಇರುತ್ತಿತ್ತು.

ಏಪ್ರಿಲ್‌ನ ಒಂದು ಶನಿವಾರ ನಾನು ಆಲೂಗಡ್ಡೆಗೆಂದು ಕೆಳಗೆ ಹೋಗಿದ್ದೆ. ಇಬ್ಬರೂ ಜಾಡಿಯ ಮುಂದೆ ನಿಂತಿದ್ದರು. ನಮ್ಮಲ್ಲಿ ನೆಲದ ಕೆಳಗೆ ಎಲ್ಲರೂ ಏಕವಚನ. ಪಾದ್ರಿ, ಡಾಕ್ಟರು, ಕೂಲಿಯವನು, ಮಾಲೀಕ, ಯಾರಾದರೂ ಸರಿ, ಮೆಟ್ಟಿಲಿಳಿದರೆ ನೀನು, ಹತ್ತಿ ಬಂದರೆ, ಮನೆಯವರು ಹಳೆಯ ಗೆಳೆಯರು ಬಿಟ್ಟು, ಎಲ್ಲರೂ ನೀವು.

"ಕಿಲಿಯಾನ್, ಇನ್ನೊಂದ್ಸಲ ಮೂಸು," ಎನ್ನುತ್ತಿದ್ದ ಇಮ್ರಿಖ್. "ನಂಗ್ಯಾಕೋ ಸರಿ ಕಾಣ್ತಿಲ್ಲ."

"ಈ ಓಣಿಗೆ ಮೂಗು ಎಷ್ಟು ಇಮ್ರಿಖ್?"

"ಒಂದು."

"ಯಾರ ಮುಖದ ಮೇಲಿದೆ?"

"ನಿನ್ನ ಮುಖದ ಮೇಲೆ."

"ಮತ್ತೆ? ಸುರಿ."

ಇಮ್ರಿಖ್ ನನ್ನ ಕಡೆ ನೋಡಿದ. ನಾನು ನಕ್ಕೆ. ಅವನು ಸುರಿದ. ಏಳು ಪೀಪಾಯಿಗಳು ಸಾಲಾಗಿ ಇವೆ. ಎಂಟನೆಯದು ಹಿಂದಿನ ಗೂಡಿನಲ್ಲಿ, ಏಣಿ ಹತ್ತಿ ಹೋಗಬೇಕು. ಕಿಲಿಯಾನನ ಮಂಡಿಗೆ ಏಣಿ ಆಗದು. ಅದನ್ನು ಇಮ್ರಿಖ್ ಒಬ್ಬನೇ ತುಂಬುತ್ತಿದ್ದ.

ಮೇ ತಿಂಗಳ ಮೊದಲ ವಾರ ನಮ್ಮ ಸರದಿ. ಗುರುವಾರ ಕೊಂಬೆ ಕಟ್ಟಬೇಕು. ಅದಕ್ಕೆ ಮುಂಚಿನ ಭಾನುವಾರ, ಚರ್ಚು ಮುಗಿದ ಮೇಲೆ, ಓಣಿಯವರೆಲ್ಲ ಆ ಮನೆಯ ಮಾಳಿಗೆಗೆ ಇಳಿದು ಪ್ರತಿ ಪೀಪಾಯಿಯಿಂದ ಒಂದೊಂದು ಗುಟುಕು ಕುಡಿಯಬೇಕು. ಮಾತು ಬಿಟ್ಟವರೂ ಬರಬೇಕು. ಬರದಿದ್ದರೆ ಅದೊಂದು ದೊಡ್ಡ ಸುದ್ದಿಯಾಗುತ್ತದೆ.

ಶನಿವಾರ ತುಂಬುವ ಕೆಲಸ ಮುಗಿದ ಮೇಲೆ ನಾನು ಮಾಳಿಗೆ ಗುಡಿಸಲು ಹೋದೆ. ಜಾಡಿಯಲ್ಲಿ ನಾಲ್ಕು ಬೆರಳಷ್ಟು ಉಳಿದಿತ್ತು. ಬಗ್ಗಿದೊಡನೆ ಮೂಗಿಗೆ ಹೊಡೆಯಿತು. ಸಿರ್ಕಾದ, ಅಂದರೆ ವಿನೆಗರಿನ ಹುಳಿ ವಾಸನೆ, ಜೊತೆಗೆ ಉಗುರಿನ ಬಣ್ಣ ಅಳಿಸುವ ದ್ರವದ ಹಾಗೆ ಏನೋ. ಅಡುಗೆಮನೆಗೆ ಸಿರ್ಕಾ ಮಾಡಲು ಬಿಟ್ಟಿದ್ದಾನೆ ಎಂದುಕೊಂಡೆ. ಬೇರೆ ಹೇಗೆ ಅಂದುಕೊಳ್ಳಲಿ? ಬೆಳಿಗ್ಗೆ ತಾನೇ ಕಿಲಿಯಾನ್ ಅದಕ್ಕೆ ಮೂಗು ಇಟ್ಟಿದ್ದ. ಉಳಿದದ್ದನ್ನು ಒಂದು ಬಾಟಲಿಗೆ ಬಗ್ಗಿಸಿಕೊಂಡು, ಆಲೂಗಡ್ಡೆ ಸಲಾಡಿಗೆ ಆಗುತ್ತದೆ ಎಂದು ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಜಾಡಿಯನ್ನು ಸೋಡಾ ಹಾಕಿ ಮೂರು ಸಲ ತೊಳೆದೆ. ನೆಂಟರು ಬರುವ ಮನೆ, ಚೊಕ್ಕಟವಾಗಿರಲಿ ಎಂದು.

ಭಾನುವಾರ ಹನ್ನೊಂದು ಗಂಟೆಗೆ ನಲವತ್ತು ಜನ ಕೆಳಗಿದ್ದೆವು. ಕಿಲಿಯಾನನ ಹೆಂಡತಿ ರೋಸ್ವಿತಾ ಬ್ರೆಡ್ಡಿನ ತಟ್ಟೆ ಹಿಡಿದಿದ್ದಳು. ವೆಂಡೆಲಿನ್ ಎಲ್ಲರಿಗಿಂತ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಕಿಲಿಯಾನ್ ಗಾಜಿನ ಕೊಳವೆಯನ್ನು ಮೊದಲ ಪೀಪಾಯಿಗೆ ಇಳಿಬಿಟ್ಟು, ಲೋಟಗಳಿಗೆ ಹನಿಸುತ್ತ ಬಂದ.

"ವೆಲ್ಟ್‌ಲೀನರ್ ದ್ರಾಕ್ಷಿದು. ಹಸಿರು ಸೇಬಿನ ವಾಸನೆ. ಹಿಂದೆ ಒಂಚೂರು ಮೆಣಸು."

ಹೋದ ವರ್ಷವೂ ಅದನ್ನೇ ಹೇಳಿದ್ದ. ಲೋಟಗಳು ಮೂಗಿನ ಹತ್ತಿರ ಹೋದವು, ಅಲ್ಲೇ ನಿಂತವು. ಯಾರೂ ಕುಡಿಯಲಿಲ್ಲ. ಎರಡನೇ ಪೀಪಾಯಿ.

"ಇದು ಗುಡ್ಡದ ಮೇಲಿನ ತೋಟದ್ದು. ಪೇರ್ ಹಣ್ಣಿನ ವಾಸನೆ ಇದೆ, ನೋಡಿ."

ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ತಮಾಷೆ ಮಾಡುತ್ತಿದ್ದಾನೋ, ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾನೋ ತಿಳಿಯಲಿಲ್ಲ. ಮೂರನೇ ಪೀಪಾಯಿಗೆ ಅವನು ಕೊಳವೆ ಎತ್ತಿದಾಗ ಹಿಂದಿನಿಂದ ವೆಂಡೆಲಿನ್ನನ ದನಿ ಬಂತು. ಈಸ್ಟರ್ ಆದ ಮೇಲೆ ಅವನು ಕಿಲಿಯಾನನಿಗೆ ಆಡಿದ ಮೊದಲ ಮಾತು.

"ಕಿಲಿಯಾನ್, ಇದನ್ನ ಸಲಾಡಿಗೆ ಹಾಕ್ಕೊಳ್ಬೇಕಾ, ಕುಡೀಬೇಕಾ?"

ಯಾರೋ ಪಕ್ಕನೆ ನಕ್ಕು ನಿಲ್ಲಿಸಿದರು. ಕಿಲಿಯಾನ್ ಕೈಯಲ್ಲಿದ್ದ ಲೋಟದ ಕಡೆ ನೋಡಲಿಲ್ಲ. ನಮ್ಮ ಮುಖಗಳನ್ನು ನೋಡಿದ, ಒಂದಾದ ಮೇಲೆ ಒಂದು, ಓದುವ ಹಾಗೆ. ಆಮೇಲೆ ಲೋಟ ಎತ್ತಿ ಮೂರು ಸಲ ಮೂಸಿದ.

"ಯಾರು ಬಾಯಿ ಬಿಡ್ತೀರಿ ಅಂತ ಕಾಯ್ತಿದ್ದೆ," ಎಂದ. "ಹಾಳಾಗಿದೆ. ಯಾರೋ ಹಾಳು ಮಾಡಿದಾರೆ."

ಆಮೇಲೆ ಒಂದೊಂದೇ ನೋಡಿದರು. ನಾಲ್ಕು, ಐದು, ಆರು, ಏಳು. ಎಲ್ಲವೂ ಹಾಗೇ. ಇಮ್ರಿಖ್ ಯಾರೂ ಹೇಳದೆಯೇ ಏಣಿ ಹತ್ತಿ ಎಂಟನೆಯದರಿಂದ ತಂದ. ಅದು ಶುದ್ಧವಾಗಿತ್ತು. ನಾನೂ ಕುಡಿದೆ. ಚೆನ್ನಾಗಿತ್ತು ಎಂದು ಹೇಳಲು ಭಯವಾಗುವಷ್ಟು ಚೆನ್ನಾಗಿತ್ತು.

ನಲವತ್ತು ಮುಖಗಳೂ ಇಮ್ರಿಖ್ ಕಡೆ ತಿರುಗಿದವು.

"ಇದೊಂದು ಹ್ಯಾಗೆ ಉಳೀತು?" ಎಂದು ಕೇಳಿದಳು ರೋಸ್ವಿತಾ.

"ಇದಕ್ಕೆ ಜಾಡಿದು ಹಾಕಿಲ್ಲ. ಹೋದ ವರ್ಷದ ಬಾಟಲಿ ಬಿಚ್ಚಿ ಹಾಕ್ತಿದ್ದೆ."

"ಯಾರನ್ನ ಕೇಳಿ?"

"ಯಾರನ್ನೂ ಕೇಳಿಲ್ಲ. ಜಾಡಿ ನಾರ್ತಿತ್ತು."

"ನಾರ್ತಿದೆ ಅಂತ ಗೊತ್ತಿದ್ದೂ ಉಳಿದ ಏಳಕ್ಕೂ ಸುರಿದ್ಯಾ?" ಎಂದರು ಯಾರೋ.

"ಸುರಿ ಅಂದ. ಸುರಿದೆ." ಅವನು ಕಿಲಿಯಾನನ ಕಡೆ ಕೈ ತೋರಿಸಲಿಲ್ಲ. "ಜಾಡಿ ಮೂಸಿ ನೋಡಿ, ಗೊತ್ತಾಗುತ್ತೆ."

ಜಾಡಿ ತಂದರು. ಅದು ಫಳಫಳ ಹೊಳೆಯುತ್ತಿತ್ತು. ಸೋಡಾದ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಯಾರು ತೊಳೆದಿದ್ದು?"

"ನಾನು," ಎಂದೆ.

"ಅದ್ರಲ್ಲಿ ವಾಸನೆ ಇತ್ತಾ ಅಫ್ರಾ?" ಎಂದು ಕೇಳಿದ ಕಿಲಿಯಾನ್. ಎಷ್ಟು ಮೆಲ್ಲಗೆ ಕೇಳಿದನೆಂದರೆ ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿರುವ ಹಾಗಿತ್ತು. ಈಗ ಗೊತ್ತು, ನಿಜವಾಗಿಯೂ ತಿಳಿದುಕೊಳ್ಳಲೇ ಕೇಳಿದ್ದ.

ಇತ್ತು ಎಂದರೆ ಮುಂದಿನ ಪ್ರಶ್ನೆ ಏನು ಎಂಬುದು ನನಗೆ ತಕ್ಷಣ ಹೊಳೆಯಿತು. ವಾಸನೆ ಇದ್ದ ಜಾಡಿಗೆ ಪ್ರತಿ ವಾರ ಮೂಗಿಟ್ಟವನು ಯಾಕೆ ಸುಮ್ಮನಿದ್ದ? ಹಾಗಾದರೆ ಇವನೇ ಮಾಡಿದನೇ? ತನ್ನ ವೈನನ್ನು ತಾನೇ? ವಿಮೆಗಾಗಿಯೇ? ಹನ್ನೊಂದು ವರ್ಷ ಅನ್ನ ಕೊಟ್ಟ ಮನೆಯನ್ನು ನಲವತ್ತು ಜನರ ಮುಂದೆ ಹಾಗೆ ನಿಲ್ಲಿಸಲು ನನಗೆ ಧೈರ್ಯ ಬರಲಿಲ್ಲ.

"ನಾನು ಗಮನಿಸಲಿಲ್ಲ," ಎಂದೆ.

ವೆಂಡೆಲಿನ್ ಗೋಡೆ ಬಿಟ್ಟು ಮುಂದೆ ಬಂದ. "ಜಾಡಿ ವಾರವಾರ ಮೂಸೋನು ನೀನಲ್ವೇನೋ ಕಿಲಿಯಾನ್?"

"ನಾನೇ. ನಾನು ಮೂಸಿದಾಗೆಲ್ಲ ಚೆನ್ನಾಗೇ ಇತ್ತು."

ಅಲ್ಲಿಗೆ ತೀರ್ಮಾನವಾಯಿತು. ಮೂಗು ಚೆನ್ನಾಗಿತ್ತು ಎನ್ನುತ್ತದೆ, ಹೊಳೆಯಾಚೆಯವನು ನಾರುತ್ತಿತ್ತು ಎನ್ನುತ್ತಾನೆ. ಕೆಟ್ಟದ್ದು ಯಾವುದೆಂದು ಅವನಿಗೆ ಗೊತ್ತಿತ್ತು, ಒಂದನ್ನು ಮಾತ್ರ ಉಳಿಸಿದ, ಬೀಗದ ಕೈ ಅವನ ಹತ್ತಿರ ಇತ್ತು. ಇನ್ನೇನು ಬೇಕು?

ಕಿಲಿಯಾನ್ ಕೈ ಚಾಚಿದ.

"ಬೀಗದ ಕೈ ಕೊಡಿ," ಎಂದ.

ಮಾಳಿಗೆಯೊಳಗೆ ಒಬ್ಬನಿಗೆ ಬಹುವಚನ ಹಚ್ಚಿದ್ದು ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಇಮ್ರಿಖ್ ಕೊಟ್ಟ. ಅಂಗಿಯ ಜೇಬಿನಿಂದ ಆಲಿಕೆಯನ್ನೂ ತೆಗೆದು ಪೀಪಾಯಿಯ ಮೇಲಿಟ್ಟ. ಮೆಟ್ಟಿಲ ಹತ್ತಿರ ನನ್ನ ಪಕ್ಕದಲ್ಲೇ ಹಾದುಹೋದ. ಜಾಡಿ ತೊಳೆದ ನನ್ನ ಕೈಗಳನ್ನು ಒಂದು ಸಲ ನೋಡಿದ, ಅಷ್ಟೇ.

ಆ ಎರಡು ಮೂರು ದಿನ ಓಣಿಯಲ್ಲಿ ಬೀಗದ್ದೇ ಮಾತು. ಅದುವರೆಗೆ ಉಳಿದ ಮನೆಗಳವರು ಮಾಳಿಗೆಯ ಬೀಗದ ಕೈಯನ್ನು ಬಾಗಿಲಿನ ಮೇಲಿನ ಮೊಳೆಗೆ ನೇತುಹಾಕುತ್ತಿದ್ದರು. ಸೋಮವಾರ ಸಂಜೆಯೊಳಗೆ ಒಂದು ಮೊಳೆಯಲ್ಲೂ ಬೀಗದ ಕೈ ಇರಲಿಲ್ಲ. ಮಂಗಳವಾರ ಪಟ್ಟಣದಿಂದ ಬೀಗದವನು ಬಂದು ಹತ್ತೊಂಬತ್ತು ಬಾಗಿಲಿಗೆ ಹೊಸ ಬೀಗ ಹಾಕಿದ. ಇಮ್ರಿಖ್‌ಗೆ ಯಾರು ಹೇಳಿ ಮಾಡಿಸಿದರು ಎಂಬುದು ಮುಂದಿನ ಪ್ರಶ್ನೆಯಾಯಿತು. ಬ್ರೆಡ್ಡಿನ ಅಂಗಡಿಯಲ್ಲಿ ಸಾಲಿನಲ್ಲಿ ನಿಂತವರು ವೆಂಡೆಲಿನ್ ಒಳಗೆ ಬಂದೊಡನೆ ಹವಾಮಾನದ ಮಾತು ತೆಗೆಯುತ್ತಿದ್ದರು. ಅವನಿಗೂ ಅದು ಗೊತ್ತಾಗುತ್ತಿತ್ತು.

"ಮಾತಾಡಿ, ಮಾತಾಡಿ," ಎಂದ ಒಂದು ದಿನ. "ಸ್ಲೊವಾಕ್ ಭಾಷೇಲಿ ಮಾತಾಡ್ಲಾ? ನಾನೇ ಅವನಿಗೆ ಹೇಳ್ಕೊಟ್ಟಿದ್ದಂತಲ್ಲ!"

ಯಾರೂ ನಗಲಿಲ್ಲ.

ನನಗೆ ಮಾತ್ರ ಅನುಮಾನ ಬೇರೆ ಕಡೆ ಇತ್ತು. ಕಪಾಟಿನಲ್ಲಿ ಆ ಬಾಟಲಿ ಹಾಗೇ ಕೂತಿತ್ತು. ಕಿಲಿಯಾನ್ ಅಡುಗೆಮನೆಗೆ ಬಂದಾಗಲೆಲ್ಲ ನಾನು ಅವನನ್ನು ಗಮನಿಸತೊಡಗಿದೆ. ವಿಮೆಯ ಕಾಗದ ಏನಾದರೂ ಬಂದಿದೆಯೇ ಎಂದು ಅಂಚೆಯವನನ್ನು ನೋಡುತ್ತಿದ್ದೆ. ಬರಲಿಲ್ಲ. ಬದಲಿಗೆ ಕಂಡದ್ದು ಬೇರೆ. ಮಂಗಳವಾರ ಹಾಲು ಉಕ್ಕಿ ಒಲೆಯ ಮೇಲೆ ಸೀದು ಮನೆಯೆಲ್ಲ ನಾರುತ್ತಿದ್ದಾಗ ಅವನು ಅದರ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ, ಹೊಗೆ ಕಣ್ಣಿಗೆ ಬಂದ ಮೇಲೆ ಎದ್ದ. ಬೆಳ್ಳುಳ್ಳಿ ಸಾಸೇಜು ಕೊಟ್ಟರೂ ಬೇಯಿಸಿದ ಮಾಂಸ ಕೊಟ್ಟರೂ ಮೇಲೆ ಮೂಲಂಗಿ ತುರಿ ರಾಶಿ ಹಾಕಿಕೊಂಡು ಒಂದೇ ಥರ ನುಂಗುತ್ತಿದ್ದ.

ಬುಧವಾರ ಮಧ್ಯಾಹ್ನ ನಾನು ಆ ಬಾಟಲಿಯಿಂದ ಅರ್ಧ ಲೋಟ ಬಗ್ಗಿಸಿ, ಉಳಿದರ್ಧ ನೀರು ಬೆರೆಸಿದೆ. ನನ್ನ ಮೂಗಿಗೆ ಅದು ಮೂರು ಹೆಜ್ಜೆ ದೂರದಿಂದಲೇ ಬಡಿಯುತ್ತಿತ್ತು. ಅಂಗಳದ ಮೇಜಿನ ಹತ್ತಿರ ಒಯ್ದೆ.

"ಕಿಲಿಯಾನ್, ಸೇಬಿನ ರಸದವನು ಸ್ಯಾಂಪಲ್ ಕೊಟ್ಟು ಹೋಗಿದಾನೆ. ಮಕ್ಕಳಿಗೆ ಕೊಡೋಕೆ ಆಗುತ್ತಾ, ಒಂದ್ಸಲ ಮೂಸಿ ಹೇಳಿ."

ಅವನು ಲೋಟ ತೆಗೆದುಕೊಂಡ. ಎರಡು ಸಲ ಚಿಕ್ಕದಾಗಿ, ಒಂದು ಸಲ ದೀರ್ಘವಾಗಿ. ನನ್ನ ಮುಖ ನೋಡಿದ. ನಾನು ಮುಖದಲ್ಲಿ ಏನೂ ಇಟ್ಟುಕೊಂಡಿರಲಿಲ್ಲ.

"ಚೆನ್ನಾಗಿದೆ. ಹಣ್ಣು ಮಾಗಿದ್ದು. ಇಳಿಸ್ಕೋ."

"ಕುಡೀರಿ."

ಕುಡಿದ. ಮುಖ ಕಿವುಚಿತು. ಲೋಟ ಕೆಳಗಿಟ್ಟ.

"ಇದು ಆ ಜಾಡಿದು," ಎಂದೆ. "ಎಂದಿನಿಂದ?"

"ಜನವರಿ."

"ವೆಂಡೆಲಿನ್ನಂದು?"

"ಅದೂ ಗೊತ್ತಾಗ್ಲಿಲ್ಲ. ಅವನ ಮುಖ ನೋಡಿ ಹೇಳ್ದೆ. ಅವನು ಏನೂ ಇಲ್ಲ ಅನ್ಸ್ಕೊಳ್ಳೋಕೇ ಬಂದಿದ್ದ, ಅದನ್ನೇ ಹೇಳ್ದೆ."

"ಇಮ್ರಿಖ್?"

ಅವನು ಲೋಟವನ್ನು ಮೇಜಿನ ಆ ತುದಿಗೆ ತಳ್ಳಿದ.

"ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ ಕಿಲಿಯಾನ್. ಜಾಡಿನ ಇಮ್ರಿಖ್ ಮೂಸ್ತಿದ್ದ, ನಾನು ಮೂಸ್ತಿದ್ದೆ."

"ಹೇಳಿದ್ಮೇಲೆ ನಾನ್ಯಾರು ಈ ಓಣೀಲಿ? ಮಂಡಿ ನೋವಿನ ಒಬ್ಬ ಮುದುಕ. ವಾಪಸು ಬರುತ್ತೆ ಅಂದ್ರು ಡಾಕ್ಟ್ರು. ಬೇಸಿಗೆ ಹೊತ್ತಿಗೆ ಬರುತ್ತೆ ಅಂದಿದ್ರು."

"ನೀವು ಇವತ್ತೇ ಇಮ್ರಿಖ್‌ಗೆ ಫೋನ್ ಮಾಡ್ಬೇಕು."

"ಅಫ್ರಾ, ಅವನಿಗೆ ಎಲ್ಲಿ ಬೇಕಾದ್ರೂ ಕೆಲಸ ಸಿಗುತ್ತೆ. ನಂಗೆ ಇನ್ನೊಂದು ಮೂಗು ಎಲ್ಲಿ ಸಿಗುತ್ತೆ ಹೇಳು?"

ಅಡುಗೆಮನೆಯ ಬಾಗಿಲಲ್ಲಿ ರೋಸ್ವಿತಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳಿಗೆ ಇದು ಆಘಾತವಾಗಬಹುದು ಎಂದು ನಾನು ಅವಳ ಕಡೆ ಹೋದೆ.

"ನಂಗೇನು ಹೇಳೋಕೆ ಬರ್ತೀಯೇ?" ಎಂದಳು. "ಫೆಬ್ರವರೀಲಿ ಕೊಳೆತ ಮೊಟ್ಟೆ ಒಡೆದು ಬಾಣಲೆಗೆ ಹಾಕಿ ಹುರ್ಕೊಂಡ. ನಾನು ಅವನ ಕೈಯಿಂದ ತಟ್ಟೆ ಕಿತ್ಕೊಂಡೆ. ಮೂವತ್ತು ವರ್ಷ ಜೊತೇಲಿ ಮಲಗಿದೋಳಿಗೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಭಾನುವಾರ ಇಮ್ರಿಖ್‌ನ ಹಂಗೆ ಕೇಳಿದ್ರಾ?"

"ಮನೆ ಯಾವ್ದು, ಕೆಲಸದೋನು ಯಾರು, ನೀನೇ ಲೆಕ್ಕ ಹಾಕು. ನೀನು ಗಮನಿಸಲಿಲ್ಲ ಅಂದ್ಯಲ್ಲ, ನಾನೂ ಹಂಗೇ."

ಏಪ್ರನ್ ಬಿಚ್ಚಿ ಮೇಜಿನ ಮೇಲಿಟ್ಟು ರಸ್ತೆ ದಾಟಿದೆ. ವೆಂಡೆಲಿನ್ ತನ್ನ ಹೊಸ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಜಾಡಿಯಿಂದ ಹಿಡಿದು ಸೇಬಿನ ರಸದವರೆಗೆ, ನಾನು ಭಾನುವಾರ ಹೇಳಿದ ಸುಳ್ಳನ್ನೂ ಸೇರಿಸಿ. ಅವನು ಮೊದಲು ನಂಬಲಿಲ್ಲ.

"ಇದು ಅವನೇ ಹೇಳ್ಕಳಿಸಿದ ಹೊಸ ಕಥೆನಾ?"

"ನೀವೇ ನೋಡಿ ಹಾಗಾದ್ರೆ."

ಅವನು ಒಳಗೆ ಹೋಗಿ ತನ್ನ ಹಾಳಾದ ಬಾಟಲಿಗಳಲ್ಲಿ ಒಂದನ್ನು ತಂದ. ಇಬ್ಬರೂ ವಾಪಸು ಬಂದೆವು. ಈ ಸಲ ಅವನು ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ವಾಲ್‌ನಟ್ ಮರದ ಕೆಳಗೆ ಬಂದು, ಬಿರಡೆ ಕಿತ್ತು, ಬಾಟಲಿಯನ್ನು ಕಿಲಿಯಾನನ ಮುಖದ ಮುಂದೆ ಹಿಡಿದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಮೂಸು."

ಕಿಲಿಯಾನ್ ಮೂಸಲಿಲ್ಲ. "ಏನೂ ಬರಲ್ಲ ಕಣೋ," ಎಂದ.

ವೆಂಡೆಲಿನ್ ಬಾಟಲಿಗೆ ಬಿರಡೆ ಒತ್ತಿ ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತ. ಈಸ್ಟರಿನಿಂದ ಇವನನ್ನು ಬೈದುಕೊಂಡು ಓಡಾಡಿದ್ದು ಅವನಿಗೆ ನೆನಪಾಗುತ್ತಿತ್ತೋ, ಅಥವಾ ಬೈಯಲು ಈಗ ಹೊಸ ಕಾರಣ ಹುಡುಕುತ್ತಿದ್ದನೋ, ನನಗೆ ಗೊತ್ತಿಲ್ಲ.

"ಮೂಗಿಲ್ಲ, ಸರಿ," ಎಂದ ಕೊನೆಗೆ. "ಮೂಗಿಲ್ಲ ಅಂತ ಹೇಳೋಕೆ ಬಾಯೂ ಇರ್ಲಿಲ್ವಾ?"

ಎದ್ದು ಹೋದ. ಬಾಟಲಿ ಅಲ್ಲೇ ಬಿಟ್ಟು ಹೋದ.

ಗುರುವಾರ ಕಂಬಕ್ಕೆ ಕೊಂಬೆ ಕಟ್ಟಲಿಲ್ಲ. ಕೊಂಬೆ ನೋಡಿ ಬರುವ ಅಭ್ಯಾಸದ ಜನ ಬಾಗಿಲವರೆಗೆ ಬಂದು, ಕಂಬ ನೋಡಿ, ತಿರುಗಿ ಹೋದರು. ಅಷ್ಟರಲ್ಲಿ ವೆಂಡೆಲಿನ್ ಬ್ರೆಡ್ಡಿನ ಅಂಗಡಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದ್ದ. ಜನ ಕಿಲಿಯಾನನನ್ನು ಕಂಡರೆ ಚೆನ್ನಾಗಿಯೇ ಮಾತಾಡಿಸುತ್ತಿದ್ದರು, ಮಂಡಿ ಹೇಗಿದೆ ಎಂದು ಕೇಳುತ್ತಿದ್ದರು. ಲೋಟ ಹಿಡಿದು ಯಾರೂ ಬರಲಿಲ್ಲ. ಮೊಳೆಗಳಿಗೆ ಬೀಗದ ಕೈಗಳು ವಾಪಸು ಬರಲಿಲ್ಲ. ತಪ್ಪು ಯಾರದೆಂದು ಗೊತ್ತಾದ ಮೇಲೆ ಹೊಸ ಬೀಗ ಯಾಕೆ ಎಂದು ನಾನೊಬ್ಬರನ್ನು ಕೇಳಿದೆ. ಹಾಕಿಸಿದ್ದಾಗಿದೆಯಲ್ಲ, ಇರಲಿ ಎಂದರು.

ಶುಕ್ರವಾರ ನಾನು ಸೇತುವೆ ದಾಟಿ ಇಮ್ರಿಖ್‌ನ ಊರಿಗೆ ಹೋದೆ. ಅವನು ಮನೆಯ ಹಿಂದೆ ಕೋಳಿಗೂಡಿನ ತಂತಿ ಬಿಗಿಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು ಕೈ ಒರೆಸಿಕೊಂಡ. ನಾನು ಎಲ್ಲ ಹೇಳಿ, ತಪ್ಪಾಯಿತು ಎಂದೆ. ವಾಪಸು ಬಾ ಎಂದೂ ಹೇಳಿದೆ.

"ಹೇಳ್ಬೇಕಾದೋರು ಬರ್ಲಿಲ್ವಾ?"

"ಮಂಡಿ ನೋವು ಅಂದ್ರು."

"ಮಂಡಿ," ಎಂದ ಇಮ್ರಿಖ್. ಸ್ವಲ್ಪ ನಕ್ಕ. "ನಂಗೆ ಎರಡನೇ ವಾರಕ್ಕೇ ಗೊತ್ತಾಗಿತ್ತು ಅಫ್ರಾ. ಜಾಡಿ ಮುಚ್ಚಳ ತೆಗೆಯೋಕೆ ಮುಂಚೇನೇ ತಲೆಯಾಡಿಸ್ದ ಅವನು."

"ಹಾಗಿದ್ರೆ ಎಲ್ಲರ ಮುಂದೆ ಯಾಕೆ ಹೇಳಲಿಲ್ಲ ನೀನು?"

"ಅವನೇ ಹೇಳ್ತಾನೆ ಅಂದ್ಕೊಂಡಿದ್ದೆ. ಒಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದೀವಲ್ಲ."

ಆಮೇಲೆ ನನಗೆ ಹೊಳೆಯಿತು, ಅವನನ್ನು ನಾನು ನೀನು ಎನ್ನುತ್ತಿದ್ದೆ. ನಾವು ಮಾಳಿಗೆಯಲ್ಲಿರಲಿಲ್ಲ, ಬಿಸಿಲಲ್ಲಿ ನಿಂತಿದ್ದೆವು. ಅವನು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

"ಕಾಫಿ ಕುಡ್ಕೊಂಡು ಹೋಗಿ," ಎಂದ. "ವಾಪಸು ಬರಲ್ಲ ನಾನು."

ಕಾಫಿ ಕುಡಿದು ಬಂದೆ. ಮುಂದಿನ ವಾರ ಸಿರ್ಕಾ ಕಾರ್ಖಾನೆಯ ಟ್ಯಾಂಕರ್ ಬಂದು ಏಳು ಪೀಪಾಯಿಗಳನ್ನು ಹೀರಿಕೊಂಡು ಹೋಯಿತು. ಪೀಪಾಯಿಗಳನ್ನೂ ಒಡೆದು ಸೌದೆ ಮಾಡಿದರು. ಒಮ್ಮೆ ಸಿರ್ಕಾ ಹೊಕ್ಕ ಮರದಲ್ಲಿ ಮತ್ತೆ ವೈನು ಇಡುವಂತಿಲ್ಲ. ಎಂಟನೆಯದೊಂದನ್ನೇ ಇಟ್ಟುಕೊಂಡು ಕೊನೆಯ ನಾಲ್ಕು ದಿನ ಕೊಂಬೆ ಕಟ್ಟಿದೆವು. ಅದು ಶನಿವಾರ ಮಧ್ಯಾಹ್ನದೊಳಗೆ ಮುಗಿಯಿತು. ಬೇಸಿಗೆ ಬಂತು, ವಾಸನೆ ಬರಲಿಲ್ಲ.

ಹೋದದ್ದು ಇಷ್ಟು: ಏಳು ಪೀಪಾಯಿ, ಅವುಗಳಲ್ಲಿದ್ದ ನಾಲ್ಕು ಸಾವಿರದ ಇನ್ನೂರು ಲೀಟರ್ ವೈನು, ವೆಂಡೆಲಿನ್ನನ ಸಾವಿರದ ನೂರು ಬಾಟಲಿ, ಹದಿನೇಳರಲ್ಲಿ ಹದಿಮೂರು ದಿನ, ಹತ್ತೊಂಬತ್ತು ಹಳೆಯ ಬೀಗ, ಒಬ್ಬ ಕೆಲಸಗಾರ.